ಮನೆಯಿಲ್ಲದ ಬಾಗಿಲ ಮೇಲೆ ತರಗೆಲೆಯ ಹೊರೆ

ಕುಂಟಾಲಗುಡ್ಡೆಯ ಶಿಲ್ಪಗಳ ಪಾರ್ಕಿಗೆ ಹೊಸತಾಗಿ ವಾಚರ್ ಕೆಲಸಕ್ಕೆ ಸೇರಿದವರು ಮೊದಲು ತಿಳಿಯಬೇಕಾದದ್ದು ಇದು: ಗೇಟಿನ ಪಕ್ಕದ ಬೋರ್ಡಿನಲ್ಲಿರುವ ನಕ್ಷೆಯನ್ನು ನಂಬಬೇಡಿ. ಅದರಲ್ಲಿ ಕೆಂಪು, ಹಳದಿ, ನೀಲಿ ಎಂದು ಮೂರೇ ದಾರಿ. ಗುಡ್ಡೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ದಾರಿಗಳುಂಟು. ದನ ಮಾಡಿದ್ದು, ಹಲಸಿನ ಹಣ್ಣಿಗೆ ಹೋದವರು ಮಾಡಿದ್ದು, ಬಸ್ಸು ತಪ್ಪುತ್ತದೆ ಎಂದು ಅಡ್ಡ ಓಡಿದ ಶಾಲೆಯ ಮಕ್ಕಳು ಮಾಡಿದ್ದು, ಯಾರ ಕಣ್ಣಿಗೂ ಬೀಳಬಾರದೆಂದು ಪೊದೆಯ ಹಿಂದೆ ತಿರುಗಿದ ಜೋಡಿಗಳು ಮಾಡಿದ್ದು. ವಾಚರನ ಕೆಲಸ ಶಿಲ್ಪಗಳನ್ನು ಕಾಯುವುದು ಎಂದು ನಿಮಗೆ ಹೇಳಿರುತ್ತಾರೆ. ಶಿಲ್ಪ ಎಲ್ಲಿಗೂ ಓಡುವುದಿಲ್ಲ. ಕಾಯಬೇಕಾದದ್ದು ದಾರಿಯನ್ನು. ಒಂದು ಮಳೆಗಾಲ ಯಾರೂ ನಡೆಯದಿದ್ದರೆ ಅದು ಮುಚ್ಚಿಹೋಗುತ್ತದೆ.

ನಾನು ವಾರಿಜ. ಟಿಕೆಟ್ ಹರಿಯಲಿಕ್ಕೆ ಸೇರಿದವಳು ವಾಚರ್ ಆದೆ, ವಾಚರ್ ಆಗಿಯೇ ಕೆಲಸ ಬಿಟ್ಟೆ. ಬಿಟ್ಟ ಮೇಲೆ ಆಫೀಸಿನವರು, “ಹೊಸಬರಿಗೆ ಉಪಯೋಗ ಆಗ್ತದೆ, ನಿಮ್ಮ ಅನುಭವ ಬರೆದು ಕೊಡಿ” ಎಂದರು. ಅವರಿಗೆ ಬೇಕಾದದ್ದು ಎಂತ ಎಂದು ನನಗೆ ಗೊತ್ತುಂಟು. ಇದು ಅದಲ್ಲ. ಸೀತಕ್ಕ ಮತ್ತು ಅವರ ಜೊತೆಯ ಹೆಂಗಸರು ಈ ಗುಡ್ಡೆಗೆ ಬಂದು ತರಗೆಲೆ ಒಯ್ಯಬಹುದೋ ಬಾರದೋ ಎಂಬ ಒಂದೇ ವಿಷಯ ನನ್ನ ಕೆಲಸದ ವರ್ಷಗಳನ್ನೆಲ್ಲ ತಿಂದಿತು. ಆ ವಿಷಯ ಇನ್ನೂ ಮುಗಿದಿಲ್ಲ. ನಿಮ್ಮ ತಲೆಗೂ ಅದು ಬಂದೇ ಬರುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಚೆಂದವಾಗಿ ನೆನಪಿರುವುದನ್ನು ನಾನು ನಂಬುವುದಿಲ್ಲ. ಯಾರೋ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದ ಹಾಗೆ ನೆನಪಾದರೆ, ಆ ಮಾತನ್ನು ಅವರ ಬಾಯಿಗೆ ಆಮೇಲೆ ನಾನೇ ಇಟ್ಟಿರಬಹುದು. ಸೀತಕ್ಕನ ಹತ್ತಿರ ನಾನು ಮಾತಾಡಿದ್ದು ತುಳುವಿನಲ್ಲಿ. ಮೊದಲ ಮ್ಯಾನೇಜರರ ಹತ್ತಿರ ಅರ್ಧ ಮಲಯಾಳದಲ್ಲಿ, ಅರ್ಧ ಕೈಸನ್ನೆಯಲ್ಲಿ. ಈ ಕಾಗದದ ಮೇಲೆ ಎಲ್ಲರೂ ಕನ್ನಡ ಮಾತಾಡುತ್ತಾರೆ. ಅಷ್ಟರ ಮಟ್ಟಿಗೆ ಇದು ಆಗಲೇ ತಿದ್ದಿದ ಪ್ರತಿ. ಎಲ್ಲಿ ನನಗೆ ಅನುಮಾನ ಉಂಟೋ ಅಲ್ಲಿ ಅನುಮಾನ ಉಂಟೆಂದೇ ಬರೆಯುತ್ತೇನೆ.

ಪಾರ್ಕು ಆಗುವ ಮೊದಲೇ ಗುಡ್ಡೆ ಇತ್ತು, ಹೆಂಗಸರೂ ಇದ್ದರು. ಬೇಸಗೆ ಶುರುವಾಗಿ ಎಲೆ ಉದುರುವಾಗ ಹಿಡಿಸೂಡಿ, ಹಳೆ ಸೀರೆ ಹಿಡಿದು ಬರುತ್ತಿದ್ದರು. ಗುಡಿಸಿ ರಾಶಿ ಮಾಡಿ, ಸೀರೆಯಲ್ಲಿ ಕಟ್ಟಿ, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತೊಯ್ಯುತ್ತಿದ್ದರು. ಹಟ್ಟಿಯಲ್ಲಿ ದನದ ಅಡಿಗೆ ಹಾಸಲಿಕ್ಕೆ. ಮಳೆಗಾಲಕ್ಕೆಂದು ಅಟ್ಟಿ ಇಡಲಿಕ್ಕೆ. ಆಮೇಲೆ ಬೇಲಿ ಬಂತು, ಗೇಟು ಬಂತು, ಶಿಲ್ಪಿಗಳ ಶಿಬಿರ ನಡೆಯಿತು. ಅವರು ಇಲ್ಲಿಯ ಕೆಂಪುಕಲ್ಲನ್ನೇ, ನಾವು ಮುರಕಲ್ಲು ಎನ್ನುವುದನ್ನೇ, ಕಡಿದು ದಾರಿಯ ಬದಿಯಲ್ಲಿ ನಿಲ್ಲಿಸಿ ಹೋದರು: ಮಲಗಿದ ಕೋಣ, ಆಳೆತ್ತರದ ಕಿವಿ, ಬೆನ್ನು ಮಾತ್ರ ಇರುವ ಹೆಂಗಸು, ಮತ್ತೆ ಬಾಗಿಲು. ಹೆಂಗಸರು ಬರುವುದನ್ನು ನಿಲ್ಲಿಸಲಿಲ್ಲ. ಬೆಳಗ್ಗೆ ಗೇಟು ತೆರೆದ ಕೂಡಲೇ ನಾನು ಅವರನ್ನು ಒಳಗೆ ಬಿಡುತ್ತಿದ್ದೆ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ, ಬಿಡಬಾರದೆಂದೂ ಹೇಳಿರಲಿಲ್ಲ.

ಮೊದಲ ಮ್ಯಾನೇಜರು ಸುಕುಮಾರನ್ ಸಾರ್. ಕೇರಳದ ತೆಂಕಣದ ಜಿಲ್ಲೆಯಿಂದ ಬಂದವರು. ಕುಂಬಳೆಯಲ್ಲಿ ರೂಮು ಮಾಡಿಕೊಂಡು, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರನ್ನು ಕೆಟ್ಟವರನ್ನಾಗಿ ಮಾಡಿ ಬರೆದರೆ ಈ ಕತೆ ಸುಲಭವಾಗುತ್ತದೆ. ಅವರು ಕೆಟ್ಟವರಲ್ಲ. ಎಲ್ಲವೂ ಕ್ಲೀನಾಗಿ ಇರಬೇಕು ಎನ್ನುವ ಜನ, ಅಷ್ಟೆ. ಒಂದು ಮಳೆಗಾಲ ಮುಗಿದ ಹೊತ್ತಿನಲ್ಲಿ ಮಂತ್ರಿಯೊಬ್ಬರು ಬರುತ್ತಾರೆ ಎಂದು ಸುದ್ದಿ ಬಂತು. ಸಾರ್ ಕೋಣದ ಎದುರು ನಿಂತು ತಲೆ ಅಲ್ಲಾಡಿಸಿದರು.

“ಅಯ್ಯೋ ಚೇಚಿ, ಮಿನಿಸ್ಟರ್ ಬರುವಾಗ ಇದು ಹೀಗೆ ಪಾಚಿ ಹಿಡಿದುಕೊಂಡು ಇರುವುದಾ?”

“ಕಲ್ಲಲ್ವಾ ಸಾರ್. ಮಳೆ ನಿಂತದ್ದು ಮೊನ್ನೆ.”

ಮರುದಿನ ಪೈಂಟರ್ ಬಾಬು ಬಂದ. ಬಾಯಾರಿನಿಂದ ಉಪ್ಪಳದವರೆಗೆ ಗಲ್ಫಿನವರ ಕಂಪೌಂಡು ಗೋಡೆಗಳಿಗೆಲ್ಲ ಬಣ್ಣ ಬಳಿದವನು. ಯಾವ ಬಣ್ಣ ಎಂದು ಕೇಳಿದ್ದಕ್ಕೆ ಸಾರ್, “ಕಲ್ಲಿನ ಬಣ್ಣ” ಎಂದು ಹೇಳಿ ಬಸ್ಸಿಗೆ ಹೋದರು. ನಮ್ಮ ಕಡೆ ಗೋಡೆಗೆ ಕಲ್ಲಿನ ಬಣ್ಣ ಎಂದರೆ ಹೇಗೆಂದು ನಿಮಗೆ ಗೊತ್ತು: ಮೇಲಿಂದ ಕೆಳಗೆ ಕೆಂಪು ಬಳಿದು, ಒಣಗಿದ ಮೇಲೆ ಕಲ್ಲು ಕಟ್ಟಿದ ಹಾಗೆ ಬಿಳಿ ಗೆರೆ ಎಳೆಯುವುದು. ಮಧ್ಯಾಹ್ನ ನಾನು ಸುತ್ತು ಮುಗಿಸಿ ಬರುವಾಗ ಕೋಣದ ಮೈತುಂಬ ಬಿಳಿ ಗೆರೆ. ಸೊಂಟದ ಹತ್ತಿರ ಅಳತೆಗೋಲು ಇಟ್ಟು ಬಾಬು ಕೊನೆಯ ಸಾಲು ಎಳೆಯುತ್ತಿದ್ದಾನೆ.

“ಎಂತ ಮಾರಾಯಾ ಇದು?”

“ಗೆರೆ ಹಾಕದಿದ್ದರೆ ಮುರಕಲ್ಲು ಅಂತ ಗೊತ್ತಾಗುವುದು ಹೇಗೆ ಅಕ್ಕ?”

“ಅದು ಮುರಕಲ್ಲೇ ಅಲ್ವಾ!”

“ಅದು ನಿಮಗೆ ಗೊತ್ತು. ಬಂದವರಿಗೆ ಗೊತ್ತಾಗಬೇಡವಾ?”

ಮಂತ್ರಿಗಳು ಗೇಟಿನಲ್ಲಿ ರಿಬ್ಬನ್ ಕತ್ತರಿಸಿ, ಎಳನೀರು ಕುಡಿದು, ಮಂಜೇಶ್ವರದಲ್ಲಿ ಇನ್ನೊಂದು ಕಾರ್ಯಕ್ರಮ ಉಂಟೆಂದು ಹೋದರು. ಗುಡ್ಡೆ ಹತ್ತಲಿಲ್ಲ. ಕೋಣದ ಗೆರೆ ಹೋಗಲು ಎಷ್ಟೋ ಮಳೆಗಾಲ ಬೇಕಾಯಿತು. ಹೊಟ್ಟೆಯ ಅಡಿಯಲ್ಲಿ ಈಗಲೂ ಎರಡು ಮೂರು ಉಳಿದಿವೆ. ಅದರ ಅರ್ಥ ಏನೆಂದು ಕಾಲೇಜಿನ ಮಕ್ಕಳು ಕೇಳಿದರೆ ಬಾಬುವಿನ ಅರ್ಥವನ್ನೇ ಹೇಳಿ. ಶಿಲ್ಪಕ್ಕೆ ಬಣ್ಣ ಬಳಿಸಲು ನಿಮಗೆ ಯಾರಾದರೂ ಹೇಳಿದರೆ, ಪೈಂಟರ್ ಸಿಗಲಿಲ್ಲ ಎನ್ನಿ. ಇದು ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿದ್ಯೆ.

ಬಾಗಿಲಿನ ವಿಷಯಕ್ಕೆ ಬರುತ್ತೇನೆ. ನೀಲಿ ದಾರಿಯ ಇಳಿಜಾರಿನಲ್ಲಿ, ಎರಡು ದೊಡ್ಡ ಮಾವಿನ ಮರಗಳ ನಡುವೆ ಅದು ಇರುವುದು. ಎರಡು ಕಂಬ, ಮೇಲೊಂದು ಅಡ್ಡಕಲ್ಲು. ಹೆಸರು ‘ಮನೆಯಿಲ್ಲದ ಬಾಗಿಲು’. ಶಿಲ್ಪಿ ಅದನ್ನು ಬೇಕೆಂದೇ ಗಿಡ್ಡ ಮಾಡಿದ್ದ. ದಾಟುವವರು ತಲೆ ಬಗ್ಗಿಸಬೇಕು ಎಂದು. ಬಗ್ಗಿ ದಾಟಿದರೆ ಮನಸ್ಸಿನಲ್ಲಿ ಎಂತದೋ ಆಗುತ್ತದೆ ಎಂದು ಕೆಳಗಿನ ಫಲಕದಲ್ಲಿ ಬರೆದಿತ್ತು.

ಹೆಂಗಸರು ಫಲಕ ನೋಡಲಿಲ್ಲ, ಅಡ್ಡಕಲ್ಲು ನೋಡಿದರು. ಹಿಂದೆ ತಲೆಹೊರೆ ಹೊತ್ತು ನಡೆಯುವ ಕಾಲದಲ್ಲಿ ದಾರಿಬದಿಗಳಲ್ಲಿ ಹೊರೆ ಇಳಿಸುವ ಕಲ್ಲುಗಳಿದ್ದವು. ಇನ್ನೊಬ್ಬರ ಕೈ ಇಲ್ಲದೆ ಹೊರೆಯನ್ನು ತಲೆಯಿಂದ ನೇರ ಕಲ್ಲಿಗೆ ಸರಿಸಿ, ಕುತ್ತಿಗೆ ನೀವಿಕೊಂಡು, ಪುನಃ ತಲೆಗೆ ಸರಿಸಿಕೊಳ್ಳಬಹುದು. ಈ ಬಾಗಿಲು ಅದೇ ಎತ್ತರ. ಸೀತಕ್ಕ ಮೊದಲ ದಿನವೇ ಹೊರೆಯನ್ನು ಅಡ್ಡಕಲ್ಲಿನ ಮೇಲೆ ಸರಿಸಿದರು, ಕೆಳಗೆ ಬಗ್ಗಿ ಆಚೆ ಬದಿಗೆ ಹೋದರು, ಸ್ವಲ್ಪ ಉಸಿರು ಬಿಟ್ಟು ಹೊರೆಯನ್ನು ಆಚೆಯಿಂದ ತಲೆಗೆ ಎಳೆದುಕೊಂಡು ಇಳಿದು ಹೋದರು. ಅವರ ಹಿಂದೆ ಉಳಿದವರೂ ಸಾಲಾಗಿ ಹಾಗೆಯೇ. ಆಮೇಲೆ ಅದೇ ಕ್ರಮವಾಯಿತು.

ಒಮ್ಮೆ ಶಿಲ್ಪಿ ಬಂದಿದ್ದ. ಇಲ್ಲಿ ನೀವು ಬಯಸುವುದೇನೆಂದು ನನಗೆ ಗೊತ್ತು. ಅವನು ನೋಡಿ ಕಣ್ಣು ತುಂಬಿಕೊಂಡ, ನನ್ನ ಕಲೆ ಸಾರ್ಥಕವಾಯಿತು ಎಂದ ಎಂದು ಬರೆದರೆ ಎಷ್ಟು ಚೆಂದ. ಈಗಿನ ಗೈಡುಗಳು ಹಾಗೆಯೇ ಹೇಳುವುದನ್ನು ನಾನು ಕೇಳಿದ್ದೇನೆ. ಅವನಿಗೆ ಸಿಟ್ಟು ಬಂದಿತ್ತು.

“ಅಮ್ಮಾ, ಇದು ಹೊರೆ ಇಡುವ ಕಲ್ಲಲ್ಲ.”

ಸೀತಕ್ಕ ಬಾಗಿಲಿನ ಅಡಿಯಿಂದ ಎದ್ದು ನಿಂತು ಅವನನ್ನು ನೋಡಿದರು. “ಮತ್ತೆ ಇಷ್ಟೇ ಎತ್ತರಕ್ಕೆ ಯಾಕೆ ಮಾಡಿದ್ದು ನೀವು?”

“ಅದು ಬಗ್ಗಲಿಕ್ಕೆ.”

“ಬಗ್ಗಿದ್ದೇನಲ್ಲಾ.”

ಅವನು ಸಿಟ್ಟಿನಲ್ಲಿಯೇ ಇಳಿದು ಹೋದ. ಮತ್ತೆ ಬಂದದ್ದನ್ನು ನಾನು ನೋಡಲಿಲ್ಲ.

ಒಂದು ದಿನ ಅಡ್ಡಕಲ್ಲಿನ ಮೂಲೆ ಒಡೆದು ಕೆಳಗೆ ಬಿದ್ದಿತ್ತು, ಒಂದು ತೆಂಗಿನಕಾಯಿಯಷ್ಟು ತುಂಡು. ವಿಚಾರಣೆ ಆಯಿತು. ಪಾರ್ಕಿನ ಕಮಿಟಿಯವರು ಗೇರುಮರದ ಅಡಿಯಲ್ಲಿ ಕುರ್ಚಿ ಹಾಕಿ ಕುಳಿತರು. ಸುಕುಮಾರನ್ ಸಾರ್ ಬದಿಯಲ್ಲಿ ನಿಂತರು. ನನ್ನನ್ನು ಕರೆದರು.

“ಎಲೆಯ ಹೆಂಗಸರು ಒಡೆದದ್ದನ್ನು ನೀವು ನೋಡಿದ್ದೀರಿ ಅಲ್ವಾ?”

ನನಗೆ ಎರಡು ನೆನಪುಗಳಿದ್ದವು, ಈಗಲೂ ಇವೆ. ಒಂದರಲ್ಲಿ ಸೀತಕ್ಕನ ಹೊರೆ ಮೂಲೆಗೆ ಸಿಕ್ಕಿಬಿದ್ದು, ಅವರು ಜಗ್ಗಿ ಎಳೆಯುತ್ತಾರೆ. ಇನ್ನೊಂದರಲ್ಲಿ ಮದುವೆಯ ಫೋಟೋ ತೆಗೆಸಲು ಬಂದ ಹುಡುಗ ಅಡ್ಡಕಲ್ಲಿನ ಮೇಲೆ ಹತ್ತಿ ಕುಳಿತಿದ್ದಾನೆ, ಕಾಲು ಅಲ್ಲಾಡಿಸುತ್ತಿದ್ದಾನೆ, ಮದುಮಗಳು ಕೆಳಗಿನಿಂದ ಇಳಿಯಿರಿ ಎಂದು ಬೈಯುತ್ತಿದ್ದಾಳೆ. ಎರಡೂ ನಡೆದದ್ದು ಹೌದು. ಕಲ್ಲು ಒಡೆದದ್ದು ಯಾವುದರಲ್ಲಿ? ಒಡೆಯುವ ಸದ್ದು ಎರಡು ನೆನಪಿನಲ್ಲಿಯೂ ಇಲ್ಲ.

ನಾನು ಹಾಗೆಯೇ ಹೇಳಿದೆ.

“ಒಂದು ಹೇಳಿ ಚೇಚಿ,” ಎಂದರು ಸುಕುಮಾರನ್ ಸಾರ್. “ಎರಡು ಬರೆಯಲಿಕ್ಕೆ ಆಗುವುದಿಲ್ಲ.”

“ಎರಡು ಇರುವಲ್ಲಿ ಒಂದನ್ನು ಬರೆಯುವುದು ಬೇಡ ಸಾರ್.”

ಅವರು ಒಂದನ್ನು ಬರೆದರು. ವಾರದೊಳಗೆ ಗೇಟಿನಲ್ಲಿ ಬೋರ್ಡು ಬಂತು, ಮಲಯಾಳದಲ್ಲಿ ಮತ್ತು ಕನ್ನಡದಲ್ಲಿ: ತರಗೆಲೆ ಸಂಗ್ರಹ ಶಿಕ್ಷಾರ್ಹ. ಬೋರ್ಡು ಹಾಕಿದ ಮರುದಿನ ಹೆಂಗಸರು ಎಂದಿನಂತೆ ಬಂದರು. ಅಂದು ಸಾರ್ ಬೇಗ ಬಂದು ಗೇಟಿನಲ್ಲಿ ನಿಂತಿದ್ದರು. ಸೀತಕ್ಕ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

“ಎಲೆ ಯಾರದ್ದು ಸಾರ್?”

“ಗವರ್ನಮೆಂಟಿನದ್ದು.”

“ಉದುರಿದ ಮೇಲೂ?”

ಹಿಂದಿನಿಂದ ಒಬ್ಬಳು ತುಳುವಿನಲ್ಲಿ, “ಬೋರ್ಡಿನಲ್ಲಿ ಸೆಗಣಿ ಬರೆದಿಲ್ಲ ಅಕ್ಕ, ನಾಳೆಯಿಂದ ಸೆಗಣಿಗೆ ಬರುವ” ಎಂದಳು. ನಗು ಎದ್ದಿತು. ಸಾರ್‌ಗೆ ತುಳು ಗೊತ್ತಿರಲಿಲ್ಲ, ನಗುವುದು ತನ್ನನ್ನೇ ಎಂದು ಮಾತ್ರ ಗೊತ್ತಾಯಿತು. ಅವರ ಮುಖ ಕೆಂಪಾಯಿತು. ಕೀಲಿ ನನ್ನ ಕೈಯಲ್ಲಿತ್ತು. ನಾನು ಗೇಟು ತೆರೆದೆ.

ಇದರಲ್ಲಿ ಧೈರ್ಯ ಏನೂ ಇರಲಿಲ್ಲ. ಯೋಚಿಸಿ ತೆರೆದದ್ದಲ್ಲ. ಅಷ್ಟು ವರ್ಷ ಆ ಹೊತ್ತಿಗೆ ಆ ಹೆಂಗಸರಿಗೆ ಗೇಟು ತೆರೆದು ಕೈಗೆ ರೂಢಿಯಾಗಿತ್ತು. ಆದರೆ ತೆರೆದ ಮೇಲೆ ಮುಚ್ಚಲು ಹೇಳಿದಾಗ ಮುಚ್ಚಲಿಲ್ಲ. ಅದು ಯೋಚಿಸಿಯೇ.

“ಚೇಚಿ, ನಾನು ಮೇಲಕ್ಕೆ ಬರೆಯಬೇಕಾಗುತ್ತದೆ.”

“ಬರೆಯಿರಿ ಸಾರ್.”

ನಾವು ವರ್ಷ ವರ್ಷದ ಕರಾರಿನವರು. ಆ ವರ್ಷ ಮುಗಿದಾಗ ನನ್ನ ಕರಾರು ಮುಂದುವರಿಯಲಿಲ್ಲ. ಕೊನೆಯ ದಿನ ಸಾರ್ ಕ್ಯಾಂಟೀನಿನಲ್ಲಿ ಚಾ ತರಿಸಿ ಕೊಟ್ಟರು. “ನನಗೂ ಮೇಲಿನವರು ಇದ್ದಾರೆ ಚೇಚಿ” ಎಂದರು. ನಾನು ಚಾ ಕುಡಿದೆ. ಮೇಲಿನವರು ಎಲ್ಲರಿಗೂ ಇರುತ್ತಾರೆ. ಅದು ಉತ್ತರ ಬೇಕಾದ ಮಾತಲ್ಲ.

ಮುಂದಿನ ಬೇಸಗೆಯಲ್ಲಿ ನಾನೂ ಹೆಂಗಸರ ಜೊತೆ ಎಲೆಗೆ ಹೋದೆ, ಗುಡ್ಡೆಯ ಹಿಂಬದಿಯಿಂದ, ಹಳೆಯ ಕಲ್ಲುಕೋರೆಯ ಅಂಚಿನಲ್ಲಿ ಬೇಲಿ ನಿಂತುಹೋಗುವ ಜಾಗದಿಂದ. ಮನೆಯಲ್ಲಿ ಹಟ್ಟಿಯೂ ಇರಲಿಲ್ಲ ನನಗೆ. ಗುಡಿಸಿದ್ದನ್ನು ಸೀತಕ್ಕನಿಗೇ ಕೊಡುತ್ತಿದ್ದೆ. ಆ ಕೆಲಸದಲ್ಲಿ ನಾನು ದಂಡ. ಹೊರೆ ಅರ್ಧ ದಾರಿಯಲ್ಲಿ ಬಿಚ್ಚಿಹೋಗುತ್ತಿತ್ತು. “ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ನಿನ್ನ ಕುತ್ತಿಗೆ ಕುರ್ಚಿಯದ್ದೇ ಆಗಿದೆ” ಎಂದು ಸೀತಕ್ಕ ತಮಾಷೆ ಮಾಡುತ್ತಿದ್ದರು. ಒಂದು ದಿನ ಕೇಳಿದೆ, ಇಷ್ಟು ಕಷ್ಟ ಯಾಕೆ, ಹಟ್ಟಿಗೆ ರಬ್ಬರ್ ಮ್ಯಾಟು ಹಾಸಬಹುದಲ್ಲಾ ಎಂದು. ಅವರು ನನ್ನ ಬಿಚ್ಚಿದ ಹೊರೆಯನ್ನು ಬಿಗಿದು ಕಟ್ಟಿದರು. ಆಮೇಲೆ ಹೇಳಿದರು: “ನನ್ನ ದನ ಕಳೆದ ಮಳೆಗಾಲ ಜಾರಿ ಬಿದ್ದು ಎದ್ದದ್ದೇ ಕಷ್ಟದಲ್ಲಿ. ಎಲೆ ಇದ್ದರೆ ಬೀಳುತ್ತಿರಲಿಲ್ಲ. ಎಲೆ ಇಲ್ಲದಿದ್ದರೆ ದನ ಇಲ್ಲ. ದನ ಇಲ್ಲದಿದ್ದರೆ ನಾನು ಮಗನ ಮನೆಗೆ ಹೋಗಿ ಟಿ.ವಿ. ನೋಡಬೇಕು. ಅಷ್ಟೇ ಮಗಾ.”

ಸುಕುಮಾರನ್ ಸಾರ್‌ಗೆ ವರ್ಗ ಆಯಿತು. ಬಂದವರು ನೀತು ಮೇಡಂ. ಸಣ್ಣ ಪ್ರಾಯ, ಚುರುಕು, ಬಂದ ತಿಂಗಳಲ್ಲೇ ತುಳುವಿನಲ್ಲಿ “ಊಟ ಆಯ್ತಾ” ಎಂದು ಕೇಳಲು ಕಲಿತರು. ನನ್ನನ್ನು ಪುನಃ ಕರೆದದ್ದು ಅವರು. ದಾರಿಗಳಿಗೆ ಇಂಟರ್‌ಲಾಕ್ ಹಾಸುವುದು ಬೇಡ ಎಂದು ನಾನು ಹೇಳಿದಾಗ ಕೇಳಿದ ಮೊದಲ ಮ್ಯಾನೇಜರೂ ಅವರೇ. ಎಲೆಯ ಹೆಂಗಸರನ್ನು ಒಳಗೆ ಬಿಡಬೇಕೆಂದು ಅವರಿಗೂ ಆಸೆ ಇತ್ತು. ಆದರೆ ಕಮಿಟಿಗೆ ಒಂದು ಕಾರಣ ಬೇಕಿತ್ತು.

ಆ ಬೇಸಗೆಯಲ್ಲಿ ಕಿವಿಯ ಶಿಲ್ಪದ ಹಿಂದೆ ಯಾರೋ ಸಿಗರೇಟು ಎಸೆದು, ಒಂದು ಚಾಪೆ ಹಾಸುವಷ್ಟು ಜಾಗ ಕರಿದಾಗಿತ್ತು. ಎಲೆ ಹೊಗೆಯಾಡಿ ತಾನಾಗಿಯೇ ಆರಿತ್ತು. ನಾನು ನೋಡುವಾಗ ಬೂದಿ ತಣ್ಣಗಿತ್ತು. ನೀತು ಮೇಡಂ ಅದರ ಫೋಟೋ ತೆಗೆದರು. ಕಮಿಟಿಗೆ ಕೊಟ್ಟ ಅರ್ಜಿಯಲ್ಲಿ ಬರೆದರು, ಎಲೆ ಗುಡಿಸಿದರೆ ಬೆಂಕಿಯ ಭಯ ಇಲ್ಲ ಎಂದು. ಅಷ್ಟು ಸರಿಯೇ. ಕಮಿಟಿಯಲ್ಲಿ ಮಾತಾಡುವಾಗ ಅದು, ಬೆಂಕಿ ಬಿದ್ದಿತ್ತು, ಹೆಂಗಸರು ಇದ್ದ ಕಾರಣ ಉಳಿಯಿತು ಎಂದಾಯಿತು. ಪತ್ರಿಕೆಯವನೊಬ್ಬ ಬಂದು ಹೋದ ಮೇಲೆ ಹಿಡಿಸೂಡಿಯಲ್ಲಿ ಬಡಿದು ಬಡಿದು ನಂದಿಸಿದರು ಎಂದಾಯಿತು. ಒಂದು ವರ್ಷದೊಳಗೆ ಗುಡ್ಡೆಯ ಅರ್ಧ ಭಾಗ ಹೊತ್ತಿ ಉರಿದು, ಸೀತಕ್ಕ ಮುಂದೆ ನಿಂತು, ಬಾಯಾರಿನ ತನಕ ಹೊಗೆ ಕಂಡಿತ್ತು.

ನಾನು ಮೇಡಂ ಹತ್ತಿರ ಹೋಗಿ, “ಇದು ಸುಳ್ಳಲ್ವಾ” ಎಂದೆ.

“ಗೊತ್ತುಂಟು ಅಕ್ಕ. ಆದರೆ ಪರ್ಮಿಷನ್ ನಿಂತಿರುವುದು ಅದರ ಮೇಲೆ. ಬೆಂಕಿ ತೆಗೆದರೆ ಫೈಲೂ ಇಲ್ಲ.”

ಸೀತಕ್ಕನ ಹತ್ತಿರ ಹೇಳಿದೆ. ಅವರು ನಕ್ಕರು. “ಬಿದ್ದದ್ದು ಬೀಳಲಿ ಮಾರಾಯ್ತಿ. ಎಲೆ ಸಿಗ್ತದಲ್ಲಾ.” ಎಲೆ ಅವರದ್ದು, ಮಾತೂ ಅವರದ್ದು. ನಾನು ಆ ವಿಷಯ ಅಲ್ಲಿಗೇ ಬಿಟ್ಟೆ.

ಎರಡು ಬೇಸಗೆ ಎಲೆ ಸಿಕ್ಕಿತು. ಅದರ ನಂತರ ಜಾಕೆಟು ಬಂತು. ಹಸಿರು ಬಣ್ಣದ್ದು, ಬೆನ್ನಿಗೆ ‘ಅಗ್ನಿ ರಕ್ಷಕಿ’ ಎಂದು ಬರೆದದ್ದು. ಕಿವಿಯ ಶಿಲ್ಪದ ಹತ್ತಿರ ಫಲಕ ಬಂತು, ಅದರಲ್ಲಿ ಹೆಂಗಸರ ಚಿತ್ರ, ಹಿಂದೆ ಜ್ವಾಲೆ. ಫೋನು ಹಿಡಿದರೆ ಮಾತಾಡುವ ಫಲಕ. ಬೆಂಕಿ ಚಿಟಪಟ ಎನ್ನುವ ಸದ್ದನ್ನೂ ಅದರಲ್ಲಿ ಸೇರಿಸಿದ್ದರು. ಜಾಕೆಟಿನ ಜೊತೆ ನಿಯಮ ಬಂತು. ಅಗ್ನಿ ರಕ್ಷಕಿಯರು ಕರೆದಾಗ ಬರಬೇಕು, ಬಣ್ಣದ ದಾರಿಗಳಲ್ಲಿ ಮಾತ್ರ ಗುಡಿಸಬೇಕು. ಗುಡಿಸಿದ ಎಲೆಯನ್ನು ಕ್ಯಾಂಟೀನಿನ ಹಿಂದಿನ ಗುಂಡಿಗೆ ಹಾಕಬೇಕು. ಅಲ್ಲಿ ಗೊಬ್ಬರ ಮಾಡಿ, ಪ್ಯಾಕೆಟು ಕಟ್ಟಿ, ಬಂದವರಿಗೆ ಮಾರುವ ಯೋಜನೆ.

ಸೀತಕ್ಕ ಗುಂಡಿಯ ಅಂಚಿನಲ್ಲಿ ಖಾಲಿ ಸೀರೆ ಹಿಡಿದು ನಿಂತಿದ್ದರು.

“ಅಂದರೆ ಮನೆಗೆ ಎಲೆ ಇಲ್ಲವಾ ಮೇಡಂ?”

“ಈಗ ನೀವು ನಮ್ಮ ಸ್ಟಾಫಿನ ಹಾಗೆ ಅಲ್ವಾ ಸೀತಕ್ಕ. ಗೌರವಧನ ಉಂಟು. ಜಾಕೆಟು ಕೊಟ್ಟಿದ್ದೇವಲ್ಲಾ.”

“ಜಾಕೆಟು ಹಾಸಿ ದನ ಮಲಗಿಸುವುದಾ?”

ಮೇಡಂ ಮುಖ ಸಣ್ಣದಾಯಿತು. ಅವರ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಬೆಂಕಿಯ ಕತೆ ತಾನಾಗಿಯೇ ಅಲ್ಲಿಗೆ ಬಂದು ಮುಟ್ಟಿತ್ತು. ಬೆಂಕಿಯಿಂದ ಕಾಯುವವರಿಗೆ ಎಲೆ ಯಾಕೆ ಬೇಕು? ಹಿಂದೆ ಬರೆದ ಕತೆಯಲ್ಲಿ ಅವರು ಕಲ್ಲು ಒಡೆದವರು, ಆದ್ದರಿಂದ ಹೊರಗೆ. ಈಗಿನ ಕತೆಯಲ್ಲಿ ಅವರು ಗುಡ್ಡೆ ಉಳಿಸಿದವರು, ಆದ್ದರಿಂದ ಒಳಗೆ, ಆದರೆ ಕೈ ಖಾಲಿ. ಎಲೆಗೆ ಬಂದವರು ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ.

ನನ್ನ ಬೀಳ್ಕೊಡುಗೆ ಆದದ್ದು ಅದೇ ವರ್ಷ. ಕೋಣದ ಎದುರಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಕಮಿಟಿಯವರು, ಪಂಚಾಯತು ಮೆಂಬರು, ಶಾಲೆಯ ಟೀಚರುಗಳು, ಜಾಕೆಟು ಹಾಕಿದ ಹೆಂಗಸರು ಇದ್ದರು. ನನಗೆ ಶಾಲು ಹೊದಿಸಿದರು. ಅಧ್ಯಕ್ಷತೆ ವಹಿಸಿದವರು ನನ್ನ ಬಗ್ಗೆ ಮಾತಾಡುತ್ತಾ, ಬೆಂಕಿಯ ದಿನ ನಾನು ಸೀತಕ್ಕನ ಜೊತೆ ಜ್ವಾಲೆಯ ಎದುರು ನಿಂತದ್ದನ್ನು ವಿವರಿಸಿದರು. ಕೇಳುತ್ತಾ ಕೇಳುತ್ತಾ ನನಗೇ ಕೆನ್ನೆ ಬಿಸಿಯಾದ ಹಾಗೆ ಅನ್ನಿಸಿತು. ಇದನ್ನು ಗಮನಿಸಿ: ಅಷ್ಟು ಸುಲಭ ಅದು. ಇನ್ನೂ ಎರಡು ವರ್ಷ ಕಳೆದಿದ್ದರೆ ಆ ಬೆಂಕಿ ನನಗೂ ನೆನಪಿರುತ್ತಿತ್ತು.

ಅವರು ಸೀತಕ್ಕನನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. “ಆ ದಿನ ಬೆಂಕಿ ಎಷ್ಟು ಎತ್ತರ ಇತ್ತು ಸೀತಕ್ಕ, ಮಕ್ಕಳಿಗೆ ಹೇಳಿ.”

ಸೀತಕ್ಕ ಮೈಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಟ್ಟಿಯಲ್ಲಿ ಎಲೆ ಇಲ್ಲದೆ ಅವರು ಹತ್ತಿರ ಬರುವ ಮಳೆಗಾಲವನ್ನು ಲೆಕ್ಕ ಹಾಕುತ್ತಿದ್ದರು ಎಂದು ನನಗೆ ಗೊತ್ತಿತ್ತು. “ವಾರಿಜ ಹೇಳ್ತಾಳೆ” ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ನಾನು ಭಾಷಣ ಮಾಡಲಿಲ್ಲ. “ಬೆಂಕಿ ಬೀಳಲಿಲ್ಲ” ಎಂದೆ. “ಒಂದು ಚಾಪೆಯಷ್ಟು ಜಾಗ ಹೊಗೆಯಾಡಿ ಆರಿದೆ. ಯಾರೂ ನಂದಿಸಿದ್ದಲ್ಲ. ಇವರು ಗುಡ್ಡೆಯನ್ನು ಉಳಿಸಲಿಕ್ಕೆ ಬಂದವರಲ್ಲ, ಎಲೆಗೆ ಬಂದವರು. ಪಾರ್ಕು ಆಗುವ ಮೊದಲೂ ಅದಕ್ಕೇ ಬರುತ್ತಿದ್ದರು. ಅದಕ್ಕಿಂತ ದೊಡ್ಡ ಕಾರಣ ಬೇಕು ಅಂತ ನನಗೆ ಕಾಣುವುದಿಲ್ಲ.”

ಯಾರೋ ಚಪ್ಪಾಳೆ ಶುರು ಮಾಡಿ ನಿಲ್ಲಿಸಿದರು. ನೀತು ಮೇಡಂ ನನ್ನ ಕಿವಿಯ ಹತ್ತಿರ ಬಗ್ಗಿ, “ಅಕ್ಕಾ, ಫೈಲು ಹೋಯ್ತು” ಎಂದರು. ಸಿಟ್ಟಿನಲ್ಲಿ ಅಲ್ಲ, ಬೇಸರದಲ್ಲಿ. ಸೀತಕ್ಕ ಜಾಕೆಟು ಕಳಚಿ, ಮಡಚಿ, ಕುರ್ಚಿಯ ಮೇಲಿಟ್ಟರು. “ಸೆಕೆ” ಎಂದರು.

ಫೈಲು ನಿಜವಾಗಿಯೂ ಹೋಯಿತು. ಅನುಮತಿಯನ್ನು ಪುನಃ ಪರಿಶೀಲಿಸುವುದೆಂದು ತೀರ್ಮಾನವಾಯಿತು, ಅಲ್ಲಿಯವರೆಗೆ ಪ್ರವೇಶ ಇಲ್ಲ. ಹೆಂಗಸರೆಲ್ಲ ನನ್ನ ಪರ ನಿಂತರು ಎಂದು ತಿಳಿಯಬೇಡಿ. ಗೌರವಧನ ನಿಂತದ್ದಕ್ಕೆ ಒಬ್ಬಳು ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಕಿಟಕಿಯ ಆಚೆ ನೋಡುತ್ತಾಳೆ. ಅವಳ ಸಿಟ್ಟಿಗೆ ಕಾರಣ ಇಲ್ಲ ಎಂದು ನಾನು ಹೇಳುವುದಿಲ್ಲ. ಹಾಗಿದ್ದರೂ ಅಂದು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಈ ಬೇಸಗೆಯಲ್ಲಿ ಎಲೆ ಉದುರಲು ಶುರುವಾದಾಗ ಸೀತಕ್ಕ ಬಂದರು, ಜೊತೆಗೆ ಇನ್ನೂ ಕೆಲವರು. ಜಾಕೆಟು ಇಲ್ಲ, ಹಿಡಿಸೂಡಿ ಮತ್ತು ಸೀರೆ. ಹಿಂಬದಿಯ ಕೋರೆಯಿಂದಲ್ಲ, ಗೇಟಿಗೇ ಬಂದರು. ನಾನು ಟಿಕೆಟ್ ತೆಗೆದು ನಡೆಯಲು ಬಂದವಳು ಅಲ್ಲಿಯೇ ಇದ್ದೆ. ಗೇಟಿನಲ್ಲಿದ್ದದ್ದು ರಜನಿ, ನನ್ನ ಜಾಗಕ್ಕೆ ಬಂದವಳು, ಎರಡು ಮಕ್ಕಳ ತಾಯಿ. ಅವಳದ್ದೂ ವರ್ಷ ವರ್ಷದ ಕರಾರೇ.

“ಪರ್ಮಿಷನ್ ಇಲ್ಲ ಅಂತೆ ಸೀತಕ್ಕ.”

“ನಿನ್ನ ಹತ್ತಿರ ಕೇಳಿದ್ದಾ ನಾನು ಪರ್ಮಿಷನ್? ಗೇಟು ತೆಗಿ ಅಂತ ಕೇಳಿದ್ದು.”

ರಜನಿ ನನ್ನ ಮುಖ ನೋಡಿದಳು. ತೆಗಿ ಎಂದು ಆ ಹೊತ್ತಿನಲ್ಲಿ ನಾನು ಹೇಳುವುದು ಮೋಸ, ಕೆಲಸ ಹೋಗುವುದು ಅವಳದ್ದು. ದೊಡ್ಡ ಗೇಟಿನ ಬದಿಯಲ್ಲಿ ಒಬ್ಬರೇ ನುಸುಳುವಂಥ ಸಣ್ಣ ಗೇಟು ಉಂಟಲ್ಲ, ಅದಕ್ಕೆ ಬೀಗ ಇರುವುದಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಅದರಲ್ಲಿ ಒಳಗೆ ಹೋದರು. ರಜನಿ ಬೇರೆ ಕಡೆ ನೋಡುತ್ತಿದ್ದಳು. ಬೇರೆ ಕಡೆ ನೋಡುವುದು ಸುಲಭ. ಆದರೆ ಎಲೆಯ ಹೊರೆ ಸಣ್ಣ ಗೇಟಿನಲ್ಲಿ ಹೊರಗೆ ಬರುವುದಿಲ್ಲ.

ಬಿಸಿಲು ಇಳಿಯುವಾಗ ಹೊರೆಗಳು ಬಂದವು. ಬಾಗಿಲಿನ ಹತ್ತಿರ ಒಂದೊಂದೇ ಅಡ್ಡಕಲ್ಲಿಗೆ ಏರಿ, ಒಂದೊಂದೇ ಆಚೆಯಿಂದ ಇಳಿದು, ಸಾಲಾಗಿ ಗೇಟಿನವರೆಗೆ ಬಂದು ನಿಂತವು. ಹೊರೆಯ ಅಡಿಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ರಜನಿ ಆಫೀಸಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ, ಅಥವಾ ಎತ್ತಿದವರು ಇವಳಿಗೆ ಬೇಕಾದ ಮಾತು ಹೇಳಲಿಲ್ಲ. ಫೋನು ಇಟ್ಟು ಅವಳು ಕುರ್ಚಿಯಿಂದ ಎದ್ದಳು, ದೊಡ್ಡ ಗೇಟಿನ ಎರಡೂ ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ತಾಗಿಸಿದಳು.

ಗೇಟು ತೆರೆದದ್ದು ಯಾಕೆಂದು ಕೇಳಿ ಅವಳಿಗೆ ಮೆಮೊ ಬಂದಿದೆ. ಮೊನ್ನೆ ಅದನ್ನು ಹಿಡಿದು ನನ್ನ ಮನೆಗೆ ಬಂದಳು.

“ಬೆಂಕಿಯ ಭಯ ಇತ್ತು, ಅದಕ್ಕೆ ಎಲೆ ತೆಗೆಸಿದೆ ಅಂತ ಬರೆದರೆ ಬಿಟ್ಟುಬಿಡ್ತಾರಂತೆ ಅಕ್ಕ. ಆಫೀಸಿನಲ್ಲಿ ಒಬ್ಬರು ಹೇಳಿದರು.”

“ಭಯ ಇತ್ತಾ ನಿನಗೆ?”

“ಬೆಂಕಿಯದ್ದಾ? ಇಲ್ಲಪ್ಪ.”

“ಹಾಗಾದರೆ ಯಾಕೆ ತೆಗೆದದ್ದು ಗೇಟು?”

“ಹೊರೆ ದೊಡ್ಡದಿತ್ತು. ಸಣ್ಣ ಗೇಟಿನಲ್ಲಿ ಹಿಡಿಯುತ್ತಿರಲಿಲ್ಲ.”

“ಅದನ್ನೇ ಬರೆ.”

“ಅಷ್ಟೇ ಸಾಕಾ ಅಕ್ಕ?”

“ಸಾಕಾಗಲಿಕ್ಕಿಲ್ಲ. ಆದರೂ ಅದನ್ನೇ ಬರೆ.”

ಅವಳು ನನ್ನ ಮೇಜಿನ ಮೇಲೆಯೇ ಅಷ್ಟನ್ನು ಬರೆದು, ಓದಿ ನೋಡಿ, ಬೇರೆ ಒಂದಕ್ಷರವೂ ಸೇರಿಸದೆ ಕೆಳಗೆ ಸಹಿ ಹಾಕಿದಳು.